ಮೊದಲು ಪಂಜರ, ನಡು ಆಮೇಲೆ

(ತುಮಕೂರಿನ ಒಂದು ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಕ್ಯೂಬ್ ಹಿಡಿದು ತೋರಿಸಿದ ಕಡೆ ಓದುವವರಿಗೆ ಅರ್ಥವಾಗಲಿ ಅಂತ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ನಾನು ರುಬಿಕ್ ಕ್ಯೂಬ್ ಬಿಡಿಸುವುದನ್ನು ಕಲಿತದ್ದು ರೈಲಿನಲ್ಲಿ. ಬೆಳಿಗ್ಗೆ ತುಮಕೂರಿನಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್. ನಿಮ್ಮಲ್ಲಿ ಅರ್ಧ ಜನಕ್ಕೆ ಆ ರೈಲು ಗೊತ್ತು. ಸೀಟು ಸಿಕ್ಕಿದರೆ ನಿದ್ದೆ, ಸಿಗದಿದ್ದರೆ ರಾಜಕೀಯ. ನನಗೆ ಎರಡೂ ಆಗಿಬರಲಿಲ್ಲ. ಕ್ಯೂಬ್ ಹಿಡಿದೆ.

ಮೂರರ ಕ್ಯೂಬ್, ಅಂದರೆ ಸಾಲಿಗೆ ಮೂರು ಚೌಕ ಇರುವುದು, ಎಲ್ಲರಿಗೂ ಗೊತ್ತಿರುವುದೇ. ಸಿದ್ಧಗಂಗೆ ಜಾತ್ರೆಯಲ್ಲಿ ಪೀಪಿ, ಬಲೂನಿನ ಪಕ್ಕದಲ್ಲಿ ರಾಶಿ ಹಾಕಿರುತ್ತಾರೆ. ನಾನೂ ಚಿಕ್ಕವನಿದ್ದಾಗ ಅಲ್ಲೇ ಒಂದು ಕೊಂಡಿದ್ದೆ. ಎರಡು ದಿನ ತಿರುಗಿಸಿದೆ, ಮೂರನೇ ದಿನ ಸ್ಟಿಕ್ಕರ್ ಕಿತ್ತು ಬೇಕಾದ ಹಾಗೆ ಅಂಟಿಸಿದೆ. ಅದನ್ನು ಕಂಡುಹಿಡಿದವರು ಹಂಗೇರಿಯ ಎರ್ನೋ ರುಬಿಕ್, 1974ರಲ್ಲಿ. ಇವತ್ತಿನ ಮಾತು ಅದರ ಅಣ್ಣಂದಿರ ಬಗ್ಗೆ. ಸಾಲಿಗೆ ನಾಲ್ಕು, ಐದು, ಆರು, ಏಳು ಚೌಕ ಇರುವಂಥವು. ಸುಲಭಕ್ಕೆ ನಾಲ್ಕರ ಕ್ಯೂಬ್, ಏಳರ ಕ್ಯೂಬ್ ಅನ್ನೋಣ.

ಹೆಸರು ಒಂದು ಸಲ ಇತ್ಯರ್ಥ ಮಾಡಿಕೊಳ್ಳೋಣ. ಹುಡುಗರು ಕಾರ್ನರ್, ಎಡ್ಜ್, ಸೆಂಟರ್ ಅನ್ನುತ್ತಾರೆ. ನಾನು ಮೂಲೆ, ಅಂಚು, ನಡು ಅನ್ನುತ್ತೇನೆ. ಮೂಲೆ ಯಾವ ಕ್ಯೂಬಿಗೂ ಎಂಟೇ. ನಾಲ್ಕರದ್ದಕ್ಕೆ ಅಂಚಿನ ತುಣುಕು 24, ನಡುವಿನ ತುಣುಕು 24. ಏಳರದ್ದಕ್ಕೆ ಅಂಚು 60, ನಡು 150. ಆ 150ರಲ್ಲಿ ಒಂದೊಂದು ಮುಖದ ನಟ್ಟನಡುವಿನದು ಅಲುಗುವುದಿಲ್ಲ. ಆರು ಕಳೆದರೆ 144. ಮೂಲೆ ಹಾಗೇ ಇದ್ದು ನಡು ಮಾತ್ರ ಬೆಳೆಯುತ್ತಾ ಹೋಗುತ್ತದೆ ನೋಡಿ. ದೊಡ್ಡ ಕ್ಯೂಬಿನ ತಲೆನೋವೆಲ್ಲ ಅದೇ.

ಈಗ ಎಲ್ಲರೂ ಬಿಡಿಸುವ ದಾರಿ ಯಾವುದು? ಅದಕ್ಕೆ ರಿಡಕ್ಷನ್ ಅಂತ ಹೆಸರು. ಮೊದಲು ಆರೂ ಮುಖದ ನಡು ಜೋಡಿಸುವುದು. ಆಮೇಲೆ ಒಂದೇ ಬಣ್ಣದ ಅಂಚಿನ ತುಣುಕುಗಳನ್ನು ಜೋಡಿ ಮಾಡಿ ಹನ್ನೆರಡು ಇಡೀ ಅಂಚು ಮಾಡುವುದು. ಅಷ್ಟಾದರೆ ದೊಡ್ಡ ಕ್ಯೂಬು ಮೂರರ ಕ್ಯೂಬಿನ ಹಾಗೆ ಆಗುತ್ತದೆ. ಆಮೇಲೆ ಗೊತ್ತಿರುವ ದಾರಿಯಲ್ಲಿ ಮುಗಿಸುವುದು. ಸ್ಪರ್ಧೆಯ ಹುಡುಗರು ಇದನ್ನೇ ಸ್ವಲ್ಪ ಹಿಂದೆಮುಂದೆ ಮಾಡುತ್ತಾರೆ. ರಾಬರ್ಟ್ ಯಾವ್ ಎಂಬ ಸ್ಪರ್ಧಿಯ ಹೆಸರಿನ ಯಾವ್ ಪದ್ಧತಿಯಲ್ಲಿ ಎದುರುಬದುರಿನ ಎರಡು ನಡು ಮಾಡಿ, ಮೂರು ಅಂಚು ಕೂರಿಸಿ, ಆಮೇಲೆ ಉಳಿದ ನಡುಗಳಿಗೆ ಹೋಗುತ್ತಾರೆ. ವೇಗಕ್ಕೆ ಇವೇ ಸರಿ. ನಾನು ಜಗಳಕ್ಕೆ ಬಂದಿಲ್ಲ.

ಆದರೆ ನನಗೆ ಅದು ಒಗ್ಗಲಿಲ್ಲ. ಯಾಕೆ ಅಂತ ಒಂದು ಪ್ರಸಂಗ ಹೇಳುತ್ತೇನೆ.

ಕ್ಯಾತ್ಸಂದ್ರದಲ್ಲಿ ನಾಲ್ಕರ ಕ್ಯೂಬ್ ಶುರು ಮಾಡಿದೆ. ನಡು ಆಯಿತು, ಅಂಚು ಆಯಿತು. ದಾಬಸ್‌ಪೇಟೆ ದಾಟುವಾಗ ಮೇಲಿನ ಪದರ ಒಂದೇ ಬಾಕಿ. ನೋಡಿದರೆ ಒಂದು ಅಂಚು ಮಾತ್ರ ಉಲ್ಟಾ ಕೂತಿದೆ. ಮೂರರ ಕ್ಯೂಬಿನಲ್ಲಿ ಹೀಗೆ ಆಗುವುದು ಸಾಧ್ಯವೇ ಇಲ್ಲ. ಇದಕ್ಕೆ ಪ್ಯಾರಿಟಿ ಅನ್ನುತ್ತಾರೆ. ಇದನ್ನು ಸರಿಮಾಡಲು ಒಂದು ಸೂತ್ರ ಇದೆ, ಹದಿನೈದರ ಆಸುಪಾಸು ತಿರುವು. ಬಾಯಿಪಾಠ ಮಾಡಿದ್ದೆ. ಒಂಬತ್ತನೆಯದೋ ಹತ್ತನೆಯದೋ ತಿರುವಿಗೆ ಪಕ್ಕದವರು 'ಸಾರ್, ಸ್ವಲ್ಪ ಸರೀರಿ' ಅಂದರು. ಸರಿದೆ. ಎಲ್ಲಿದ್ದೆ ಅನ್ನುವುದು ಮರೆತೇಹೋಯಿತು. ಚಿಕ್ಕಬಾಣಾವರ ಬರುವಷ್ಟರಲ್ಲಿ ಕ್ಯೂಬ್ ಚಿತ್ರಾನ್ನ.

ಸಿಟ್ಟು ಬಂದದ್ದು ಪಕ್ಕದವರ ಮೇಲಲ್ಲ. ಆ ಹದಿನೈದು ತಿರುವು ಏನು ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅರ್ಥವಾಗದ್ದನ್ನು ಮಂತ್ರದ ಹಾಗೆ ಹೇಳುತ್ತಿದ್ದೆ. ಅರ್ಥ ಗೊತ್ತಿದ್ದರೆ ಮಧ್ಯದಲ್ಲಿ ಬಿಟ್ಟರೂ ಹಿಡಿದುಕೊಳ್ಳಬಹುದಿತ್ತು, ಅಲ್ವಾ?

ಹಾಗಾಗಿ ಮೊದಲು ಪ್ಯಾರಿಟಿ ಅಂದರೇನು ನೋಡೋಣ. ಇದು ಒಗಟೇನಲ್ಲ, ಬರೀ ಸರಿ-ಬೆಸ ಲೆಕ್ಕ. ನಾಲ್ಕರ ಕ್ಯೂಬ್ ಹಿಡಿದುಕೊಳ್ಳಿ. ಹೊರಪದರವನ್ನು ಕಾಲು ಸುತ್ತು ತಿರುಗಿಸಿದರೆ ಎಂಟು ಅಂಚಿನ ತುಣುಕು ಅಲುಗುತ್ತದೆ, ನಾಲ್ಕು-ನಾಲ್ಕರ ಎರಡು ಗುಂಪಾಗಿ. ಒಳಪದರವನ್ನು ಕಾಲು ಸುತ್ತು ತಿರುಗಿಸಿದರೆ ನಾಲ್ಕು ಮಾತ್ರ, ಒಂದೇ ಗುಂಪು. ನಾಲ್ಕು ಜನ ಸಾಲಾಗಿ ಒಂದೊಂದು ಕುರ್ಚಿ ಸರಿದು ಕೂರುವುದನ್ನು ಇಬ್ಬಿಬ್ಬರ ಅದಲುಬದಲಿನಲ್ಲಿ ಮಾಡಬೇಕಾದರೆ ಮೂರು ಅದಲುಬದಲು ಬೇಕು. ಮೂರು ಬೆಸ. ಎರಡು ಗುಂಪಾದರೆ ಆರು, ಸರಿ. ಅಂದರೆ ಅಂಚಿನ ಸರಿ-ಬೆಸ ಬದಲಾಗುವುದು ಒಳಪದರ ತಿರುಗಿದಾಗ ಮಾತ್ರ. ಕೆದರುವಾಗ ಒಳಪದರ ಒಟ್ಟು ಬೆಸ ಸಲ ತಿರುಗಿದ್ದರೆ, ಬಿಡಿಸುವಾಗಲೂ ಬೆಸ ಸಲ ತಿರುಗಲೇಬೇಕು. ಇಲ್ಲದಿದ್ದರೆ ಕೊನೆಗೆ ಒಂದು ಅದಲುಬದಲು ಬಾಕಿ ಉಳಿಯುತ್ತದೆ. ನಾನು ದಾಬಸ್‌ಪೇಟೆಯಲ್ಲಿ ಕಂಡದ್ದು ಅದೇ.

ಇದು ಮೊದಲೇ ಯಾಕೆ ಗೊತ್ತಾಗುವುದಿಲ್ಲ? ನಡುವಿನ ನಾಲ್ಕೂ ತುಣುಕು ಒಂದೇ ಬಣ್ಣ. ಯಾವ ಕೆಂಪು ಯಾವ ಜಾಗದಲ್ಲಿದೆ ಅಂತ ನೀವು ನೋಡುವುದಿಲ್ಲ, ನೋಡಿದರೂ ಗೊತ್ತಾಗುವುದಿಲ್ಲ. ಒಳಪದರ ಎಷ್ಟು ಸಲ ತಿರುಗಿತು ಅನ್ನುವ ಲೆಕ್ಕವನ್ನು ಅವು ಬಾಯಿಬಿಡುವುದಿಲ್ಲ. ಎರಡಕ್ಕೊಂದು ಸಲ ಈ ತೊಡಕು ಬಂದೇ ಬರುತ್ತದೆ. ನಾಣ್ಯ ಚಿಮ್ಮಿದ ಹಾಗೆ. ನಾಲ್ಕು, ಆರರಂಥ ಸರಿಸಂಖ್ಯೆಯ ಕ್ಯೂಬುಗಳಲ್ಲಿ ಇನ್ನೊಂದು ತೊಡಕೂ ಇದೆ, ಎರಡು ಇಡೀ ಅಂಚುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದು. ಅದಕ್ಕೆ ಚಿಕ್ಕ ಸೂತ್ರ ಸಾಕು, ಅದನ್ನು ಇಲ್ಲಿಗೇ ಬಿಡೋಣ.

ಈಗ ಮದ್ದು ಏನು ಅಂತ ನೀವೇ ಹೇಳಿ. ಒಳಪದರ ಬೆಸ ಸಲ ತಿರುಗಬೇಕು ಅಷ್ಟೇ ತಾನೆ? ಹಾಗಾದರೆ ಒಂದು ಸಲ ತಿರುಗಿಸಿಬಿಡಿ! ನಾಲ್ಕು ಅಂಚು ಒಡೆಯುತ್ತದೆ, ಮತ್ತೆ ಜೋಡಿಸಿಕೊಂಡರಾಯಿತು. ಆದರೆ ರಿಡಕ್ಷನ್‌ನಲ್ಲಿ ಹಾಗೆ ಮಾಡಲು ಕೈ ಬರುವುದಿಲ್ಲ, ಯಾಕೆಂದರೆ ಅಂಚಿನ ಜೊತೆಗೆ ನಾಲ್ಕು ಮುಖದ ನಡುವೂ ಹಾಳಾಗುತ್ತದೆ. ಕಷ್ಟಪಟ್ಟು ಮೊದಲೇ ಮಾಡಿಟ್ಟ ನಡು. ಆ ಹದಿನೈದು ತಿರುವಿನ ಸೂತ್ರದ ಕಸರತ್ತೆಲ್ಲ ನಡುವನ್ನು ಉಳಿಸಿಕೊಳ್ಳುವುದಕ್ಕೇ.

ಹಾಗಾದರೆ ನಡುವನ್ನು ಮೊದಲು ಮಾಡದೇ ಇದ್ದರೆ?

ಇದೇ ಕೇಜ್ ಪದ್ಧತಿ. ಪಂಜರ ಅನ್ನಿ. ಮೂಲೆ ಮತ್ತು ಅಂಚು ಮೊದಲು, ನಡು ಕೊನೆಗೆ. ಇದನ್ನು ನಾನು ಕಂಡುಹಿಡಿದದ್ದಲ್ಲ, ಕ್ಯೂಬ್ ಆಡುವವರ ನಡುವೆ ಹಳೆಯದೇ. ಸ್ಪರ್ಧೆಗೆ ನಿಧಾನ ಅಂತ ಮೂಲೆಗೆ ಸರಿದಿದೆ, ಅಷ್ಟೆ. ನಮ್ಮೂರಿನಲ್ಲಿ ಈಗ ಮನೆ ಕಟ್ಟುವುದನ್ನು ನೋಡಿ. ಪಿಲ್ಲರ್ ಎಬ್ಬಿಸುತ್ತಾರೆ, ಬೀಮ್ ಹಾಕುತ್ತಾರೆ. ಗೋಡೆ ಇಲ್ಲದೆ ಮೂರು ಅಂತಸ್ತು ನಿಂತಿರುತ್ತದೆ. ದುಡ್ಡು ಬಂದ ಹಾಗೆ ಇಟ್ಟಿಗೆ ತುಂಬುತ್ತಾರೆ. ಕ್ಯೂಬಿನಲ್ಲೂ ಎಂಟು ಮೂಲೆ, ಹನ್ನೆರಡು ಅಂಚು ನಿಲ್ಲಿಸಿಬಿಟ್ಟರೆ ಉಳಿದದ್ದು ಬರೀ ತುಂಬುವ ಕೆಲಸ.

ಪಂಜರ ಕಟ್ಟುವುದು ಕಷ್ಟವೇನಲ್ಲ. ಒಂದೇ ಬಣ್ಣದ ಅಂಚಿನ ತುಣುಕುಗಳನ್ನು ಪಕ್ಕಪಕ್ಕ ತರುವುದು. ನಡು ಏನಾದರೂ ಆಗಲಿ, ಅತ್ತ ನೋಡಲೇಬೇಡಿ. ರಿಡಕ್ಷನ್‌ನಲ್ಲಿ ಒಳಪದರ ತಿರುಗಿಸಿದ ಮೇಲೆ ನಡು ಉಳಿಯಲಿ ಅಂತ ಅದನ್ನು ವಾಪಸ್ ತರಬೇಕು. ಇಲ್ಲಿ ಶುರುವಿನಲ್ಲಿ ಆ ಗೋಜೇ ಇಲ್ಲ. ಕೊನೆಯ ಎರಡು-ಮೂರು ಅಂಚಿಗೆ ಮಾತ್ರ, ಜೋಡಿಯಾದದ್ದು ಒಡೆಯದಂತೆ ಸ್ವಲ್ಪ ಜಾಗ್ರತೆ ಬೇಕು. ಆಮೇಲೆ ಮೂರರ ಕ್ಯೂಬಿನ ಹಾಗೇ ಮೂಲೆ ಮತ್ತು ಅಂಚು ಕೂರಿಸುವುದು. ಪ್ಯಾರಿಟಿ ಬಂತಾ? ಉಲ್ಟಾ ಇರುವ ಅಂಚಿನ ಮೂಲಕ ಹೋಗುವ ಒಳಪದರವನ್ನು ಕಾಲು ಸುತ್ತು ತಿರುಗಿಸಿ, ಒಡೆದ ನಾಲ್ಕು ಅಂಚನ್ನು ಮತ್ತೆ ಜೋಡಿಸಿ. ಬಾಯಿಪಾಠ ಏನೂ ಇಲ್ಲ. ಪಕ್ಕದವರು ಸರಿಯಿರಿ ಅಂದರೆ ಧಾರಾಳವಾಗಿ ಸರಿಯಬಹುದು.

ಒಂದು ಎಚ್ಚರ. ನಾಲ್ಕರ, ಆರರ ಕ್ಯೂಬಿನಲ್ಲಿ ಅಲುಗದ ನಡು ಇಲ್ಲ. ಯಾವ ಮುಖ ಯಾವ ಬಣ್ಣ ಅಂತ ಹೇಳುವವರಿಲ್ಲ. ಬಿಳಿಯ ಎದುರು ಹಳದಿ, ನೀಲಿಯ ಎದುರು ಹಸಿರು, ಕೆಂಪಿನ ಎದುರು ಕೇಸರಿ. ಇದು ಸಾಮಾನ್ಯವಾಗಿ ಸಿಗುವ ಕ್ಯೂಬುಗಳ ಬಣ್ಣ. ಮೂಲೆಗಳನ್ನು ನೋಡಿದರೆ ಅದೂ ಗೊತ್ತಾಗುತ್ತದೆ, ಪಂಜರಕ್ಕೆ ಇದೊಂದು ಅನುಕೂಲ.

ಈಗ ಗೋಡೆ ತುಂಬುವ ಕೆಲಸ. ಪಂಜರ ಅಲುಗಬಾರದು, ನಡುವಿನ ಮೂರು ತುಣುಕು ಮಾತ್ರ ಜಾಗ ಬದಲಿಸಬೇಕು. ಇದಕ್ಕೆ ಕಮ್ಯುಟೇಟರ್ ಅಂತ ದೊಡ್ಡ ಹೆಸರು. ಒಳಗಿನ ವಿಚಾರ ಚಿಕ್ಕದು. ಮೊದಲು ಒಂದು ಕೆಲಸ, ಆಮೇಲೆ ಇನ್ನೊಂದು. ಮೊದಲನೆಯದನ್ನು ವಾಪಸ್, ಎರಡನೆಯದನ್ನೂ ವಾಪಸ್. ಎರಡು ಕೆಲಸಕ್ಕೂ ಸಂಬಂಧವೇ ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ. ಎರಡೂ ಒಂದೇ ಒಂದು ಜಾಗದಲ್ಲಿ ತಾಗಿದರೆ ಮೂರೇ ಮೂರು ತುಣುಕು ಬದಲಾಗುತ್ತದೆ. ಬಿ.ಎಚ್. ರಸ್ತೆಯನ್ನು ಇನ್ನೊಂದು ರಸ್ತೆ ಅಡ್ಡ ದಾಟುತ್ತದೆ ಅಂದುಕೊಳ್ಳಿ. ಗಲಾಟೆ ಆಗುವುದು ಆ ಸರ್ಕಲ್‌ನಲ್ಲಿ ಮಾತ್ರ. ಉಳಿದ ಕಡೆ ಹೋದ ಗಾಡಿ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ.

ಇದನ್ನು ನಾಲ್ಕರ ಕ್ಯೂಬಿನಲ್ಲಿ ಮಾಡಿಯೇ ತೋರಿಸುತ್ತೇನೆ. ಕ್ಯೂಬ್ ಇರುವವರು ಜೊತೆಗೆ ತಿರುಗಿಸಿ. ಎಲ್ಲ ತಿರುವೂ ಕಾಲು ಸುತ್ತು. ಒಳಪದರ ಅಂದರೆ ಒಳಪದರ ಮಾತ್ರ, ಹೊರಗಿನದನ್ನು ಸೇರಿಸಬೇಡಿ.

ಬಲಗಡೆಯ ನಿಂತ ಒಳಪದರವನ್ನು ಮೇಲಕ್ಕೆ. ಮೇಲಿನ ಮುಖವನ್ನು ಗಡಿಯಾರಕ್ಕೆ ಉಲ್ಟಾ. ಅದೇ ಒಳಪದರ ಕೆಳಕ್ಕೆ. ಇದು ಮೊದಲ ಕೆಲಸ, ಮೂರು ತಿರುವು. ಈಗ ಕೆಳಗಿನ ಅಡ್ಡ ಒಳಪದರವನ್ನು ಎಡಕ್ಕೆ. ಇದು ಎರಡನೆಯ ಕೆಲಸ, ಒಂದೇ ತಿರುವು. ಇನ್ನು ವಾಪಸ್: ನಿಂತ ಒಳಪದರ ಮೇಲಕ್ಕೆ, ಮೇಲಿನ ಮುಖ ಗಡಿಯಾರದ ದಿಕ್ಕಿಗೆ, ಒಳಪದರ ಕೆಳಕ್ಕೆ. ಕೊನೆಗೆ ಅಡ್ಡ ಒಳಪದರ ಬಲಕ್ಕೆ. ಎಂಟು ಆಯಿತು.

ಏನಾಯಿತು ನೋಡಿ. ಮೇಲಿನ ಮುಖದಲ್ಲಿ ನಿಮ್ಮ ಕಡೆಗೆ, ಎಡಕ್ಕಿದ್ದ ನಡುತುಣುಕು ಈಗ ಎದುರಿನ ಮುಖದ ಬಲ-ಕೆಳ ಜಾಗಕ್ಕೆ ಬಂದಿದೆ. ಅಲ್ಲಿದ್ದದ್ದು ಬಲಮುಖಕ್ಕೆ ಹೋಗಿದೆ. ಬಲಮುಖದಲ್ಲಿ ಕೆಳಗೆ, ಹಿಂದುಗಡೆ ಇದ್ದದ್ದು ಮೇಲೆ ಹತ್ತಿದೆ. ಮೂಲೆ, ಅಂಚು ಒಂದೂ ಅಲುಗಿಲ್ಲ. ಯಾಕೆ? ಮೊದಲ ಕೆಲಸವೂ ಅಡ್ಡ ಒಳಪದರವೂ ತಾಗುವುದು ಎದುರಿನ ಮುಖದ ಬಲ-ಕೆಳ ಚೌಕ ಒಂದರಲ್ಲಿ ಮಾತ್ರ. ಅದೇ ನಮ್ಮ ಸರ್ಕಲ್. ಮಧ್ಯದಲ್ಲಿ ನಿಲ್ಲಿಸಿದರೂ, ಎಷ್ಟು ಮಾಡಿದ್ದೇನೆ, ಏನು ವಾಪಸ್ ಬಾಕಿ ಇದೆ ಅಂತ ಕ್ಯೂಬ್ ನೋಡಿಯೇ ಹೇಳಬಹುದು.

ಬೇಕಾದ ತುಣುಕು ಆ ಜಾಗದಲ್ಲೇ ಸಿಗುವುದಿಲ್ಲ, ನಿಜ. ಮೇಲಿನ ಮುಖ ತಿರುಗಿಸಿ ಅದನ್ನು ಎಡ-ಮುಂದಿನ ಜಾಗಕ್ಕೆ ತನ್ನಿ, ಎಂಟು ತಿರುವು ಮಾಡಿ, ಆಮೇಲೆ ಮೇಲಿನ ಮುಖವನ್ನು ಮೊದಲಿದ್ದ ಹಾಗೆ ತಿರುಗಿಸಿ. ಈ ಕೊನೆಯದನ್ನು ಮರೆಯುವುದೇ ಎಲ್ಲರ ತಪ್ಪು. ನಾನಂತೂ ಒಂದು ತಿಂಗಳು ಮರೆತಿದ್ದೇನೆ. ಈಗ ಶುರುವಿನಲ್ಲಿ ತಿರುಗಿಸಿದಾಗ ಹೆಬ್ಬೆರಳನ್ನು ಆ ಮುಖದ ಮೇಲೆ ಇಟ್ಟಿರುತ್ತೇನೆ. ಹೆಬ್ಬೆರಳು ಅಲ್ಲೇ ಇದೆ ಅಂದರೆ ಸಾಲ ಬಾಕಿ ಇದೆ.

ಐದು, ಆರು, ಏಳರ ಕ್ಯೂಬಿಗೆ ಬೇರೆ ಸೂತ್ರ ಬೇಡ. ಯಾವ ನಿಂತ ಪದರ, ಯಾವ ಅಡ್ಡ ಪದರ ಅಂತ ಆರಿಸಿಕೊಂಡರೆ ಅವೆರಡೂ ಕೂಡುವ ಚೌಕ ಸಿಕ್ಕಿತು. ಏಳರ ಕ್ಯೂಬಿನ 144 ತುಣುಕಿಗೂ ಇದೇ ಎಂಟು ತಿರುವು. ನನಗೆ ಈ ದಾರಿ ಇಷ್ಟವಾಗಿದ್ದು ಇದಕ್ಕೇ. ಒಂದು ವಿಷಯ ಅರ್ಥವಾದರೆ ಸಾಕು, ಕ್ಯೂಬ್ ಎಷ್ಟು ದೊಡ್ಡದಾದರೂ ಹೊಸದಾಗಿ ಕಲಿಯುವುದೇನೂ ಇಲ್ಲ.

ಏಳರ ಕ್ಯೂಬ್ ಅಂದೆನಲ್ಲ, ಸ್ವಲ್ಪ ದಾರಿ ಬಿಡುತ್ತೇನೆ. ಇದನ್ನು ಮುಟ್ಟಿ ನೋಡಿ. ಮುಖ ಚಪ್ಪಟೆ ಇಲ್ಲ, ಇಡ್ಲಿಯ ಹಾಗೆ ಉಬ್ಬಿದೆ. ಅಂದಕ್ಕೆ ಅಂದುಕೊಂಡಿದ್ದೆ, ಅಲ್ಲ. ಒಂದು ಮುಖವನ್ನು ಅರ್ಧ ದಾರಿ, ಅಂದರೆ 45 ಡಿಗ್ರಿ ತಿರುಗಿಸಿ. ಮೂಲೆ ಹೊರಗೆ ಚಾಚುತ್ತದೆ. ಚಾಚಿದರೂ ಅದರ ಒಳತುದಿ ಕೆಳಗಿನ ಪದರದ ಮೇಲೆ ಇರಬೇಕು, ಇಲ್ಲದಿದ್ದರೆ ಅದನ್ನು ಹಿಡಿದುಕೊಳ್ಳುವವರು ಯಾರು? ಲೆಕ್ಕ ಮಾಡಿ. ಚೌಕ ಒಂದೊಂದು ಸೆಂಟಿಮೀಟರ್ ಅಂದರೆ ಏಳರ ಕ್ಯೂಬಿನ ನಡುವಿನಿಂದ ಬದಿಗೆ 3.5. ಮೂಲೆಯ ತುಣುಕಿನ ಒಳತುದಿ ಎರಡೂ ಕಡೆ 2.5ರಲ್ಲಿದೆ. ಓರೆಯಾಗಿ ಅಳೆದರೆ 2.5ನ್ನು 1.414ರಿಂದ ಗುಣಿಸಬೇಕು, 3.535. ಮೂರೂವರೆಗಿಂತ ಒಂದು ಕೂದಲೆಳೆ ಜಾಸ್ತಿ! ಮೂಲೆ ಪೂರ್ತಿ ಗಾಳಿಯಲ್ಲಿ. ಆರರದ್ದಕ್ಕೆ ಅದೇ ಲೆಕ್ಕ ಹಾಕಿದರೆ 2.83, ಬದಿ 3, ತೊಂದರೆ ಇಲ್ಲ. ಹಾಗಾಗಿ ಏಳು ಮತ್ತು ಅದಕ್ಕಿಂತ ದೊಡ್ಡ ಕ್ಯೂಬನ್ನು ಉಬ್ಬಿಸಬೇಕು, ಇಲ್ಲವೇ ಹೊರಪದರವನ್ನು ಸ್ವಲ್ಪ ದಪ್ಪ ಮಾಡಬೇಕು. ಗ್ರೀಸ್ ದೇಶದ ಪನಾಯೊಟಿಸ್ ವರ್ಡಿಸ್ ಆರು, ಏಳರ ಕ್ಯೂಬುಗಳನ್ನು 2008ರಲ್ಲಿ ಮಾರುಕಟ್ಟೆಗೆ ತಂದರು. ಅವರ ಏಳರದ್ದೂ ಉಬ್ಬಿದ್ದೇ.

ಕಡಿಮೆ ಬೆಲೆಯದನ್ನು ಕೊಳ್ಳುವವರಿಗೆ ಒಂದು ಮಾತು. ನನ್ನ ಮೊದಲ ಐದರ ಕ್ಯೂಬ್ ಸಿಡಿದದ್ದೂ ರೈಲಿನಲ್ಲೇ. ಒಂದು ಅಂಚಿನ ತುಣುಕು ಹಾರಿ ಎದುರು ಸೀಟಿನ ಅಜ್ಜಿಯ ಊಟದ ಬುಟ್ಟಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿ ನೋಡಿ, 'ಇದೇನಪ್ಪ, ಹಲ್ಲು ಬಿದ್ದಂಗೆ ಬಿತ್ತು' ಅಂದರು. ಹಾರಿದ ತುಣುಕನ್ನು ಹೇಗಂದರೆ ಹಾಗೆ ಸಿಕ್ಕಿಸಿದರೆ ಕ್ಯೂಬ್ ಬಿಡಿಸಲಿಕ್ಕೇ ಆಗದ ಸ್ಥಿತಿಗೆ ಹೋಗಬಹುದು. ಎಲ್ಲಿಂದ ಬಂತೋ ಅಲ್ಲಿಗೇ ಹಾಕಿ.

ಈ ದಾರಿಯ ಕೊರತೆಯನ್ನೂ ಹೇಳಿಬಿಡುತ್ತೇನೆ. ನಿಧಾನ, ತುಂಬಾ ನಿಧಾನ. ತುಣುಕಿಗೆ ಎಂಟು ತಿರುವಿನಂತೆ 144ಕ್ಕೆ 1152. ಒಂದೇ ಸಲಕ್ಕೆ ಎರಡು ತುಣುಕು ಸರಿಹೋಗುವುದೂ ಉಂಟು, ಕೆಲವು ತಾನಾಗೇ ಸರಿ ಇರುತ್ತವೆ, ಆದರೂ ನೂರಾರು. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್‌ನ ಸ್ಪರ್ಧೆಗಳಲ್ಲಿ ಎರಡರಿಂದ ಏಳರವರೆಗೆ ಕ್ಯೂಬ್ ಇರುತ್ತದೆ. ಅಲ್ಲಿ ಗೆಲ್ಲಬೇಕು ಅನ್ನುವ ಮಕ್ಕಳು ರಿಡಕ್ಷನ್ನೇ ಕಲಿಯಿರಿ. ಇದನ್ನು ಹಿಡಿದು ಹೋಗಿ ಆಮೇಲೆ ನನ್ನನ್ನು ಬೈಯಬೇಡಿ. ನನಗೆ ಯಶವಂತಪುರ ಬರುವ ಮೊದಲು ಮುಗಿಸಬೇಕು ಅನ್ನುವ ಆತುರ ಇಲ್ಲ. ಬ್ಯಾಗಿಗೆ ಹಾಕಿ ಸಂಜೆ ತೆಗೆದರೆ ಪಂಜರ ಹಾಗೇ ನಿಂತಿರುತ್ತದೆ, ಬಿಟ್ಟ ಇಟ್ಟಿಗೆಯಿಂದ ಶುರು.

ಕೊನೆಗೆ ಒಂದು ತೊಡಕು. ಇದನ್ನು ಎಲ್ಲರೂ ಕೇಳುತ್ತಾರೆ. ನಾಲ್ಕು ಮುಖ ಮುಗಿದಿದೆ. ಉಳಿದ ಎರಡು ಮುಖ, ಎದುರು ಕೆಂಪು, ಬಲಕ್ಕೆ ಹಸಿರು. ಕೆಂಪಿನಲ್ಲಿ ಒಂದು ಹಸಿರು ಸೇರಿದೆ, ಹಸಿರಿನಲ್ಲಿ ಒಂದು ಕೆಂಪು. ಎರಡನ್ನು ಅದಲುಬದಲು ಮಾಡಬೇಕು, ನಮ್ಮ ಹತ್ತಿರ ಇರುವುದು ಮೂರನ್ನು ಸುತ್ತಿಸುವ ಆಯುಧ. ಏನು ಮಾಡುವುದು?

ಇಲ್ಲಿ ಒಂದೇ ಬಣ್ಣದ ತುಣುಕುಗಳೇ ನಮ್ಮ ನೆರವಿಗೆ ಬರುತ್ತವೆ. ಮೊದಲು ಪ್ಯಾರಿಟಿ ಬಚ್ಚಿಟ್ಟು ಕಾಡಿದ್ದವು, ನೆನಪಿದೆಯಲ್ಲ? ಮೂರನೆಯದಾಗಿ ಒಂದು ಒಳ್ಳೆಯ ಕೆಂಪನ್ನೇ ಸೇರಿಸಿಕೊಳ್ಳಿ. ಕೆಂಪಿನ ಜಾಗಕ್ಕೆ ಕೆಂಪು ಬಂದರೆ ಯಾರಿಗೆ ಗೊತ್ತಾಗುತ್ತದೆ?

ನಾಲ್ಕರ ಕ್ಯೂಬಿನಲ್ಲಿ ಹೀಗೆ ಹಿಡಿಯಿರಿ. ಎದುರಿನ ಮುಖದ ಬಲ-ಕೆಳಗೆ ಆ ತಪ್ಪು ಹಸಿರು. ಅದರ ಮೇಲಿನ ಬಲ-ಮೇಲಿನದು ಒಳ್ಳೆಯ ಕೆಂಪು. ಬಲಮುಖದ ಕೆಳಗೆ, ಹಿಂದುಗಡೆ ತಪ್ಪು ಕೆಂಪು. ಈಗ ಅದೇ ಎಂಟು ತಿರುವು, ಒಂದೇ ವ್ಯತ್ಯಾಸ: ಮೇಲಿನ ಮುಖವನ್ನು ಮೊದಲು ಗಡಿಯಾರದ ದಿಕ್ಕಿಗೆ ತಿರುಗಿಸಿ, ಎರಡನೆಯ ಸಲ ಉಲ್ಟಾ. ಉಳಿದದ್ದೆಲ್ಲ ಮೊದಲಿನ ಹಾಗೇ. ಈ ಸಲ ಮೇಲಿನ ಮುಖದ ಯಾವ ತುಣುಕೂ ಜಾಗ ಬಿಡುವುದಿಲ್ಲ. ಒಳ್ಳೆಯ ಕೆಂಪು ಕೆಳಗಿಳಿಯಿತು, ಹಸಿರು ಬಲಮುಖಕ್ಕೆ ಹೋಯಿತು, ಅಲ್ಲಿದ್ದ ಕೆಂಪು ಬಂದು ಮೇಲಿನ ಖಾಲಿ ಜಾಗ ತುಂಬಿತು.

ಮೇಜಿನ ಮೇಲೆ ಮೂರು ನಾಲ್ಕರ ಕ್ಯೂಬ್ ಇಟ್ಟಿದ್ದೇನೆ. ಮೂರೂ ಇದೇ ಸ್ಥಿತಿಯಲ್ಲಿವೆ, ಆದರೆ ತಪ್ಪು ತುಣುಕುಗಳು ನಾನು ಹೇಳಿದ ಜಾಗದಲ್ಲಿ ಇಲ್ಲ. ಮುಖ ತಿರುಗಿಸಿ ಜಾಗಕ್ಕೆ ತಂದುಕೊಳ್ಳಬೇಕು. ಹೆಬ್ಬೆರಳು ಮರೆಯಬೇಡಿ.